ನೆಲ ಮುಟ್ಟಿದ ಮೇಲೆ

ವಿಮಾನವು ನೆಲವನ್ನು ಮುಟ್ಟಿದೊಡನೆ ಪ್ರಯಾಣಿಕರಲ್ಲಿ ಒಂದು ಬಗೆಯ ಸಡಗರ ಮೂಡುವುದನ್ನು ನೀವು ಕಂಡಿರಬಹುದು. ಅದುವರೆಗೆ ಕುರ್ಚಿಯ ತೋಳುಗಳನ್ನು ಬಿಗಿಹಿಡಿದು ಕುಳಿತಿದ್ದವರು ನಿಟ್ಟುಸಿರು ಬಿಡುತ್ತಾರೆ. ಕಿಟಕಿಯ ಹೊರಗೆ ಹಿಂದಕ್ಕೋಡುವ ಹುಲ್ಲನ್ನು ನೋಡಿ ಪಕ್ಕದವರತ್ತ ತಿರುಗಿ ಮುಗುಳ್ನಗುತ್ತಾರೆ. ಕೆಲವರ ಕೈ ಆಗಲೇ ಸೊಂಟದ ಪಟ್ಟಿಯ ಕೊಂಡಿಯ ಮೇಲಿರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಹೊಳೆ ದಾಟಿದೆವೆಂದು ನಾವು ಭಾವಿಸುವ ಆ ಗಳಿಗೆಯಲ್ಲಿ ಅಂಬಿಗನು ಇನ್ನೂ ನಡುನೀರಿನಲ್ಲಿಯೇ ಇರುತ್ತಾನೆ. ಚಕ್ರ ನೆಲಕ್ಕೆ ತಾಗಿದ ಕ್ಷಣದಿಂದ ವಿಮಾನ ನಿಧಾನಕ್ಕೆ ಬರುವವರೆಗಿನ ಆ ಅರ್ಧ ನಿಮಿಷದ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ. ಅದರಲ್ಲಿ ನನ್ನದೇ ಒಂದು ತಪ್ಪಿನ ಕಥೆಯೂ ಸೇರಿದೆ.

1970ರ ದಶಕದಲ್ಲಿ, ಇನ್ನೂ ಮೀಸೆ ಸರಿಯಾಗಿ ಬಲಿಯದ ವಯಸ್ಸಿನಲ್ಲಿ, ನಾನೊಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ನಡೆಸುವುದನ್ನು ಕಲಿಯಲು ಸೇರಿದೆ. ನಮಗೆ ದೊರೆತ ವಿಮಾನ ಪುಷ್ಪಕ್. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲ ಬಾರಿಗೆ ಹಾರಿದ ವಿಮಾನವದು. ತಲೆಯ ಮೇಲೊಂದು ರೆಕ್ಕೆ, ಬಟ್ಟೆ ಹೊದಿಸಿದ ಮೈ, ಅಕ್ಕಪಕ್ಕದಲ್ಲಿ ಇಬ್ಬರು ಕೂರುವಷ್ಟು ಜಾಗ, ಮುಂದೆ 90 ಅಶ್ವಶಕ್ತಿಯ ಸಣ್ಣ ಎಂಜಿನ್. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಮಂದಿ ಕುಳಿತರೂ ಇನ್ನೊಬ್ಬರಿಗೆ ಸ್ಥಳವಿರುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ನಮ್ಮ ಪುಷ್ಪಕಕ್ಕೆ ಆ ಔದಾರ್ಯವಿರಲಿಲ್ಲ. ಆದರೆ ಅದರ ಇನ್ನೊಂದು ಗುಣ ನಮ್ಮದಕ್ಕೂ ಇತ್ತು. ಕುಳಿತವನ ಮನಸ್ಸು ಹೋದತ್ತ ಅದೂ ಹೋಗುತ್ತಿತ್ತು. ಇದು ವರವೋ ಶಾಪವೋ ಎಂಬುದು ಮನಸ್ಸು ಎಲ್ಲಿದೆಯೆಂಬುದರ ಮೇಲೆ ನಿಂತ ಮಾತು.

ಪುಷ್ಪಕ್‌ಗೆ ಮುಂದೆ ಎರಡು ದೊಡ್ಡ ಚಕ್ರಗಳು, ಬಾಲದಲ್ಲಿ ಒಂದು ಪುಟ್ಟ ಚಕ್ರ. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್, ಹರಿಕೇನ್‌ಗಳಿಗೂ, ನಮ್ಮ ದೇಶದ ಮೇಲೆ ದಶಕಗಳ ಕಾಲ ಹಾರಿದ ಡಕೋಟಕ್ಕೂ ಇದೇ ಏರ್ಪಾಡಿತ್ತು. ನೋಡಲು ಠೀವಿಯಾದ ಈ ಏರ್ಪಾಡಿನಲ್ಲಿ ಒಂದು ಹುಟ್ಟುಗುಣ ಅಡಗಿದೆ. ಅದನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು. ಮಕ್ಕಳ ಆಟದ ಬಂಡಿಗೆ ದಾರ ಕಟ್ಟಿ ಮುಂದಿನಿಂದ ಎಳೆಯಿರಿ. ಅದು ಸಾಧುವಾಗಿ ಹಿಂದೆ ಬರುತ್ತದೆ. ಅದೇ ಬಂಡಿಯನ್ನು ಒಂದು ಕಡ್ಡಿಯಿಂದ ಹಿಂದಿನಿಂದ ದಬ್ಬಿ ನೋಡಿ. ಎರಡು ಗೇಣು ನೆಟ್ಟಗೆ ಹೋಗಿ ಮೂರನೆಯ ಗೇಣಿನಲ್ಲಿ ಅಡ್ಡ ತಿರುಗುತ್ತದೆ. ಬಾಲಚಕ್ರದ ವಿಮಾನ ಈ ಎರಡನೆಯ ಜಾತಿಯದು. ಅದರ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ವಿಮಾನ ನೇರವಾಗಿ ಓಡುವವರೆಗೆ ತೊಂದರೆಯಿಲ್ಲ. ಮೂತಿ ಒಂದಿಷ್ಟು ಪಕ್ಕಕ್ಕೆ ತಿರುಗಿತೆನ್ನಿ. ಚಕ್ರಗಳು ನೆಲವನ್ನು ಕಚ್ಚಿ ಮುಂಭಾಗವನ್ನು ತಡೆಯುತ್ತವೆ, ಹಿಂದಿರುವ ತೂಕ ಮಾತ್ರ ಮೊದಲಿನ ದಿಕ್ಕಿನಲ್ಲಿಯೇ ನುಗ್ಗುತ್ತದೆ. ನುಗ್ಗಿದಷ್ಟೂ ಮೂತಿ ಹೆಚ್ಚು ತಿರುಗುತ್ತದೆ. ಮೂತಿ ತಿರುಗಿದಷ್ಟೂ ತೂಕ ಹೆಚ್ಚು ನುಗ್ಗುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ಚಾಲಕನ ಕಾಲಿನ ಬಲ ಸಾಲದು. ವಿಮಾನ ಬುಗುರಿಯಂತೆ ಒಂದು ಸುತ್ತು ತಿರುಗಿಯೇ ನಿಲ್ಲುತ್ತದೆ. ಗ್ರೌಂಡ್ ಲೂಪ್ ಎಂದು ಇದರ ಹೆಸರು.

ಇದಕ್ಕೆ ಅಡ್ಡಗಾಳಿಯೂ ಸೇರಿತೆಂದರೆ ಕೇಳಬೇಕಾದುದೇ ಇಲ್ಲ. ಮನೆಯ ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸಲು ಇಡುವ ತಗಡಿನ ಕೋಳಿಯನ್ನು ನೋಡಿದ್ದೀರಷ್ಟೆ? ಅದರ ಬಾಲ ಅಗಲವಾಗಿರುವುದರಿಂದ ಗಾಳಿ ಬಾಲವನ್ನು ದೂಡಿ ಕೊಕ್ಕನ್ನು ತನ್ನತ್ತ ತಿರುಗಿಸಿಕೊಳ್ಳುತ್ತದೆ. ವಿಮಾನದ ಬಾಲವೂ ಹಾಗೆಯೇ. ಬಲಗಡೆಯಿಂದ ಗಾಳಿ ಬೀಸಿದರೆ ಮೂತಿ ಬಲಕ್ಕೆ ತಿರುಗಲು ಹವಣಿಸುತ್ತದೆ. ಈ ಹವಣಿಕೆಯನ್ನು ತಡೆಯಲು ಚಾಲಕನ ಪಾದದಡಿಯಲ್ಲಿ ಎರಡು ಪೆಡಲುಗಳಿವೆ. ಅವು ಬಾಲದ ಚುಕ್ಕಾಣಿಯನ್ನು, ಎಂದರೆ ರಡ್ಡರನ್ನು, ಎಡಕ್ಕೂ ಬಲಕ್ಕೂ ತಿರುಗಿಸುತ್ತವೆ.

ನಮ್ಮ ಬೋಧಕರು ಹಳೆಯ ಕಾಲದವರು. ಪುಸ್ತಕದ ಮಾತು ಅವರ ಬಾಯಲ್ಲಿ ಬರುತ್ತಿದ್ದುದು ಅಪರೂಪ. ಚುಕ್ಕಾಣಿಯ ವಿಷಯವನ್ನು ಅವರು ನಮಗೆ ಕಲಿಸಿದ್ದು ತೇರಿನ ಉದಾಹರಣೆಯಿಂದ. "ಜನ ಹಗ್ಗ ಹಿಡಿದು ಎಳೀತಾರೆ, ಎಲ್ಲರ ಕಣ್ಣೂ ಅವರ ಮೇಲೆ. ಆದರೆ ತೇರನ್ನ ಬೀದಿಯ ನಡುವೆ ಇಡೋನು ಯಾರು ಹೇಳು? ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೀತಾನಲ್ಲ, ಅವನು. ತೇರು ಒಂದು ಗೇಣು ವಾಲಿದಾಗಲೇ ಗಾಲಿಗೆ ತುಂಡು ಕೊಡ್ತಾನೆ. ಗೋಡೆ ಹತ್ತಿರ ಬಂದ ಮೇಲೆ ಕೊಟ್ಟರೆ ತುಂಡೂ ಪುಡಿ, ಗೋಡೆಯೂ ಪುಡಿ" ಎನ್ನುತ್ತಿದ್ದರು. ಕಾಲು ಸದಾ ಎಚ್ಚರವಾಗಿರಬೇಕು, ತಿದ್ದುವುದು ಸ್ವಲ್ಪವೇ ಆಗಿರಬೇಕು, ಆ ಸ್ವಲ್ಪ ಬೇಗ ಆಗಬೇಕು: ಇಷ್ಟೇ ಅವರ ಶಾಸ್ತ್ರ.

ಒಂಟಿಯಾಗಿ ಹಾರಲು ಅವರು ಅನುಮತಿ ಕೊಟ್ಟು ಕೆಲವು ದಿನಗಳಾಗಿದ್ದವು. ಒಂದು ಮಧ್ಯಾಹ್ನ ಎರಡು ಸುತ್ತು ಹಾರಿ ಇಳಿಯಲು ಬಂದೆ. ಮೈದಾನದ ಅಂಚಿನ ಗಾಳಿಚೀಲ ಅರ್ಧ ಉಬ್ಬಿ, ಬಲದಿಂದ ಎಡಕ್ಕೆ ಚಾಚಿಕೊಂಡಿತ್ತು. ಅದನ್ನು ನೋಡಿದೆ, ನೋಡಿದೆನೆಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಮುಂದೆ ಆ ಮಾತು ಬೇಕಾಗುತ್ತದೆ. ಕಲಿಸಿದಂತೆಯೇ ಬಲರೆಕ್ಕೆಯನ್ನು ಗಾಳಿಯತ್ತ ಕೊಂಚ ತಗ್ಗಿಸಿ, ಎಡಗಾಲಿನಿಂದ ಮೂತಿಯನ್ನು ನೇರವಾಗಿರಿಸಿ, ಮೊದಲು ಬಲಚಕ್ರವನ್ನೂ ಅನಂತರ ಎಡಚಕ್ರವನ್ನೂ ನೆಲಕ್ಕೆ ತಾಗಿಸಿದೆ. ಹೂವನ್ನು ತಟ್ಟೆಯಲ್ಲಿಟ್ಟಂತೆ ವಿಮಾನ ಇಳಿಯಿತು. ಅಷ್ಟು ಒಳ್ಳೆಯ ಇಳಿತ ಅದುವರೆಗೆ ನನಗೆ ಸಾಧ್ಯವಾಗಿರಲಿಲ್ಲ. ದೂರದ ಬೇವಿನ ಮರದ ಕೆಳಗೆ ಗೆಳೆಯರು ಕುಳಿತಿದ್ದರು. ಇದನ್ನು ಅವರು ಕಂಡರೋ ಇಲ್ಲವೋ ಎಂದು ಒಮ್ಮೆ ಆ ಕಡೆ ನೋಡಿದೆ. ಅಷ್ಟೇ.

ಕಣ್ಣು ಹಿಂತಿರುಗಿದಾಗ ರನ್‌ವೇ ನನ್ನ ಮುಂದೆ ಇರಲಿಲ್ಲ, ಎಡಕ್ಕೆ ಸರಿದಿತ್ತು. ಎಡಗಾಲನ್ನು ಒತ್ತಿದೆ, ವೇಗ ಆಗಲೇ ತಗ್ಗಿದ್ದರಿಂದ ಚುಕ್ಕಾಣಿಗೆ ಕಸುವಿರಲಿಲ್ಲ. ಗಾಬರಿಯಿಂದ ಬ್ರೇಕನ್ನೂ ತುಳಿದೆ. ಎಡರೆಕ್ಕೆಯ ತುದಿ ನೆಲಕ್ಕೆ ತಾಗಿ ಬಟ್ಟೆ ಹರಿದ ಸದ್ದು ಕೇಳಿಸಿತು. ಧೂಳು ಅಡಗಿದಾಗ ನನ್ನ ಪುಷ್ಪಕ್ ಬಂದ ದಾರಿಯನ್ನೇ ನೋಡುತ್ತ ನಿಂತಿತ್ತು.

ಬೋಧಕರು ಅವಸರವಿಲ್ಲದೆ ಮೈದಾನ ದಾಟಿ ಬಂದರು. ನನಗೆ ಪೆಟ್ಟಾಗಿಲ್ಲವೆಂದು ಮೊದಲು ನೋಡಿಕೊಂಡರು. ಬಳಿಕ ರೆಕ್ಕೆಯ ತುದಿಯನ್ನು ಕೈಯಿಂದ ಸವರಿ, "ಇಳಿದಿದ್ದು ಚೆನ್ನಾಗಿತ್ತಲ್ಲಯ್ಯ. ಆಮೇಲೆ ನೀನು ಎಲ್ಲಿದ್ದೆ?" ಎಂದು ಕೇಳಿದರು. ನಾನು ಗಾಳಿಯ ಮಾತೆತ್ತಿದೆ. ಅವರು ಏನೂ ಹೇಳಲಿಲ್ಲ. ಸಂಜೆ ವರದಿ ಬರೆಯಬೇಕಾಗಿತ್ತು. "ಇಳಿದ ನಂತರ ಹಠಾತ್ತಾಗಿ ಬೀಸಿದ ಅಡ್ಡಗಾಳಿಯಿಂದ ವಿಮಾನ ಹತೋಟಿ ತಪ್ಪಿತು" ಎಂದು ಬರೆದು ಅವರ ಮುಂದಿಟ್ಟೆ. ಓದಿ, ಸಹಿ ಹಾಕದೆ, ಕಾಗದವನ್ನು ನನ್ನ ಕಡೆಗೇ ಸರಿಸಿದರು. "ಗಾಳಿಗೆ ಬಾಯಿಲ್ಲ ನೋಡು. ನೀನು ಏನು ಬರೆದರೂ ಅದು ಇಲ್ಲ ಅನ್ನೋದಿಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಳಿ ಹಠಾತ್ತಾಗಿ ಬೀಸಿರಲಿಲ್ಲ. ಬೆಳಗಿನಿಂದ ಬೀಸುತ್ತಲೇ ಇತ್ತು. ಗಾಳಿಚೀಲ ಅದನ್ನು ತೋರಿಸುತ್ತಲೇ ಇತ್ತು, ನಾನು ಅದನ್ನು ನೋಡಿಯೂ ಇದ್ದೆ. ಹಠಾತ್ತಾಗಿ ನಡೆದದ್ದೆಂದರೆ ನನ್ನ ಗಮನ ಬೇವಿನ ಮರದತ್ತ ಹೋದದ್ದೊಂದೇ. ಮರುದಿನ ಬೆಳಿಗ್ಗೆ ಬೇರೆ ಕಾಗದದ ಮೇಲೆ ಹಾಗೆಯೇ ಬರೆದುಕೊಟ್ಟೆ. ಅವರು ಸಹಿ ಮಾಡಿದರು. ಮತ್ತೆ ಒಂಟಿಯಾಗಿ ಹಾರಲು ನಾನು ಬಹಳ ದಿನ ಕಾಯಬೇಕಾಯಿತು. ರೆಕ್ಕೆಗೆ ಹೊಸ ಬಟ್ಟೆ ಹೊದಿಸುವ ಕೆಲಸದಲ್ಲಿ ಕಾರ್ಖಾನೆಯವರಿಗೆ ಕೈಜೋಡಿಸಲೂ ಬೇಕಾಯಿತು. ಅದು ಶಿಕ್ಷೆಯೆಂದು ಆಗ ತಿಳಿದಿದ್ದೆ.

ಬಾಲಚಕ್ರದ ಈ ಕಾಟವನ್ನು ತಪ್ಪಿಸಲೆಂದೇ ಎಂಜಿನಿಯರುಗಳು ಚಕ್ರವನ್ನು ಬಾಲದಿಂದ ಮೂತಿಗೆ ತಂದರು. ಮುಖ್ಯ ಚಕ್ರಗಳು ತೂಕದ ಕೇಂದ್ರಕ್ಕಿಂತ ಹಿಂದೆ ಸರಿದವು; ದಬ್ಬುವ ಬಂಡಿ ಎಳೆಯುವ ಬಂಡಿಯಾಯಿತು. ಮೂತಿ ಕೊಂಚ ತಿರುಗಿದರೂ ತೂಕವೇ ಅದನ್ನು ನೇರಕ್ಕೆ ತರುತ್ತದೆ. ನಮ್ಮ ವಾಯುಪಡೆಯ ತರಬೇತಿ ವಿಮಾನಗಳಲ್ಲಿಯೂ ಈ ಬದಲಾವಣೆಯನ್ನು ಕಾಣಬಹುದು. ಡಾ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್.ಟಿ.-2 ಬಾಲಚಕ್ರದ್ದು, ಅದರ ಸ್ಥಾನಕ್ಕೆ ಬಂದ, 1977ರಲ್ಲಿ ಮೊದಲು ಹಾರಿದ ಎಚ್.ಪಿ.ಟಿ.-32 ಮೂತಿಚಕ್ರದ್ದು. ಇಂದು ನಾವು ಪ್ರಯಾಣ ಮಾಡುವ ದೊಡ್ಡ ಜೆಟ್ ವಿಮಾನಗಳೆಲ್ಲವೂ ಮೂತಿಚಕ್ರದವೇ. ಹಾಗಾದರೆ ಅಪಾಯ ತೀರಿತೆ? ಕಡಮೆಯಾಯಿತು, ತೀರಲಿಲ್ಲ. ಏಕೆಂದರೆ ಅದರ ಬೇರು ಚಕ್ರದ ಜಾಗಕ್ಕಿಂತ ಆಳದಲ್ಲಿದೆ.

ಇಳಿಯುವ ವಿಮಾನಕ್ಕೆ ಇಬ್ಬರು ಒಡೆಯರು. ಆಕಾಶದಲ್ಲಿದ್ದಾಗ ಗಾಳಿ ಅದರ ಒಡೆಯ. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ. ವೇಗ ಅರ್ಧಕ್ಕೆ ಇಳಿದರೆ ಆ ಬಲ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ನೆಲದ ಮೇಲೆ ಭೂಮಿ ಒಡೆಯ. ಅಲ್ಲಿ ದಿಕ್ಕನ್ನು ಕಾಯುವುದು ಚಕ್ರ ಮತ್ತು ಬ್ರೇಕು. ಆದರೆ ಚಕ್ರಕ್ಕೆ ಹಿಡಿತ ಬರಬೇಕಾದರೆ ಅದರ ಮೇಲೆ ವಿಮಾನದ ಭಾರ ಬಿದ್ದಿರಬೇಕು. ಮುಟ್ಟಿದ ಹೊಸದರಲ್ಲಿ ರೆಕ್ಕೆಗಳು ಇನ್ನೂ ಭಾರವನ್ನು ಹೊತ್ತುಕೊಂಡೇ ಇರುತ್ತವೆ. ಅದಕ್ಕಾಗಿಯೇ ದೊಡ್ಡ ವಿಮಾನ ಇಳಿದೊಡನೆ ರೆಕ್ಕೆಯ ಬೆನ್ನಿನ ಮೇಲೆ ಹಲಗೆಗಳು ಎದ್ದು ನಿಲ್ಲುವುದು. ರೆಕ್ಕೆಯ ಎತ್ತುವ ಬಲವನ್ನು ಅವು ಕೆಡಿಸಿ ಭಾರವನ್ನು ಚಕ್ರಗಳಿಗೆ ಒಪ್ಪಿಸುತ್ತವೆ. ಒಬ್ಬ ಒಡೆಯನ ಅಧಿಕಾರ ಮುಗಿಯುತ್ತಿರುವಾಗ ಇನ್ನೊಬ್ಬನದು ಪೂರ್ತಿ ಆರಂಭವಾಗದಿದ್ದರೆ ನಡುವೆ ಒಂದು ಅರಾಜಕತೆ ಉಂಟಾಗುತ್ತದೆ. ದಿಕ್ಕು ತಪ್ಪುವುದು ಆಗಲೇ.

ಮಳೆಯಲ್ಲಿ ಈ ಅರಾಜಕತೆ ಇನ್ನಷ್ಟು ದೀರ್ಘವಾಗುತ್ತದೆ. ರನ್‌ವೇಯ ಮೇಲೆ ನೀರು ನಿಂತಿದ್ದರೆ ವೇಗವಾಗಿ ಓಡುವ ಟೈರು ಅದನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ತೇಲತೊಡಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ವಾಲ್ಟರ್ ಹಾರ್ನ್ ಮತ್ತು ಅವರ ಸಂಗಡಿಗರು ಇದನ್ನು ಅಭ್ಯಸಿಸಿ ಒಂದು ಸರಳ ಸೂತ್ರ ಕೊಟ್ಟರು: ಟೈರಿನೊಳಗಿನ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಅದು ತೇಲತೊಡಗುವ ವೇಗ ನಾಟ್‌ಗಳಲ್ಲಿ ದೊರೆಯುತ್ತದೆ. ಚದರ ಅಂಗುಲಕ್ಕೆ 100 ಪೌಂಡ್ ಒತ್ತಡವಿದ್ದರೆ ಆ ವೇಗ 90 ನಾಟ್, ಎಂದರೆ ಗಂಟೆಗೆ ಸುಮಾರು 167 ಕಿಲೋಮೀಟರು. ಜೆಟ್ ವಿಮಾನ ಇಳಿಯುವುದು ಸಾಮಾನ್ಯವಾಗಿ ಇದಕ್ಕಿಂತಲೂ ಹೆಚ್ಚಿನ ವೇಗದಲ್ಲಿ. ರನ್‌ವೇಯ ಮೈಮೇಲೆ ಅಡ್ಡಡ್ಡಲಾಗಿ ಸಣ್ಣ ಗಾಡಿಗಳನ್ನು ಕೊರೆದಿರುವುದು ನೀರು ಹರಿದುಹೋಗಿ ಟೈರಿಗೆ ನೆಲ ಸಿಕ್ಕಲೆಂದೇ.

ಇನ್ನು ಮನುಷ್ಯನ ವಿಷಯಕ್ಕೆ ಬರೋಣ. 2015ರ ಮಾರ್ಚ್ 5ರಂದು ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣದಲ್ಲಿ ಹಿಮ ಸುರಿಯುತ್ತಿತ್ತು. ಅಟ್ಲಾಂಟಾದಿಂದ ಬಂದ ಡೆಲ್ಟಾ ಸಂಸ್ಥೆಯ ಎಂ.ಡಿ.-88 ವಿಮಾನದಲ್ಲಿ 127 ಪ್ರಯಾಣಿಕರೂ 5 ಮಂದಿ ಸಿಬ್ಬಂದಿಯೂ ಇದ್ದರು. ರನ್‌ವೇಯ ಉದ್ದ ಸುಮಾರು 7,000 ಅಡಿ. ಅದರಾಚೆ ಕೊಲ್ಲಿಯ ನೀರು. ತಮಗಿಂತ ಮೊದಲು ಇಳಿದವರು ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆಯೆಂದು ತಿಳಿಸಿದ್ದರೂ, ಮೋಡದಿಂದ ಹೊರಬಂದ ಚಾಲಕರಿಗೆ ಕಂಡದ್ದು ಪೂರ್ತಿ ಬೆಳ್ಳಗಾಗಿದ್ದ ರನ್‌ವೇ. ವಿಮಾನ ಸರಿಯಾದ ಜಾಗದಲ್ಲಿಯೇ ಇಳಿಯಿತು. ಬೇಗ ನಿಲ್ಲಿಸಬೇಕೆಂಬ ಕಾತರದಿಂದ ಕ್ಯಾಪ್ಟನ್ನರು ಎಂಜಿನ್ನುಗಳ ಹಿಮ್ಮುಖ ನೂಕುಬಲವನ್ನು ಹೆಚ್ಚಿಸಿದರು. ಆ ಜಾತಿಯ ವಿಮಾನದಲ್ಲಿ ಎಂಜಿನ್ನುಗಳಿರುವುದು ಬಾಲದ ಬಳಿ, ಚುಕ್ಕಾಣಿಯ ಮುಂದೆ. ಅವುಗಳ ಹೊಗೆಯನ್ನು ಮುಂದಕ್ಕೆ ತಿರುಗಿಸಿದಾಗ ಚುಕ್ಕಾಣಿಯ ಮೇಲೆ ಹರಿಯಬೇಕಾದ ಗಾಳಿ ಕದಡಿಹೋಗುತ್ತದೆ. ಆದುದರಿಂದ ಹಿಮ, ನೀರು ಇರುವ ರನ್‌ವೇಯಲ್ಲಿ ಹಿಮ್ಮುಖ ಬಲವನ್ನು ಎಂಜಿನ್ ಒತ್ತಡದ ಅನುಪಾತ 1.3ರ ಆಚೆಗೆ ಒಯ್ಯಬಾರದೆಂಬ ಸೂಚನೆಯಿತ್ತು. ಅಂದು ಅದು ಆ ಮಿತಿಯನ್ನು ಬಹಳವಾಗಿ ಮೀರಿತು. ಮೂತಿ ಎಡಕ್ಕೆ ತಿರುಗಿತು. ಸಹಚಾಲಕರು ಕೂಡಲೇ ಎಚ್ಚರಿಸಿದರು. ಕ್ಯಾಪ್ಟನ್ನರು ಹಿಮ್ಮುಖ ಬಲವನ್ನು ಇಳಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ವಿಮಾನ ರನ್‌ವೇ ಬಿಟ್ಟು, ಬೇಲಿಯನ್ನು ಮುರಿದು, ಕೊಲ್ಲಿಯ ದಡದ ಏರಿಯ ಮೇಲೆ ಮೂತಿ ಚಾಚಿ ನಿಂತಿತು. 29 ಪ್ರಯಾಣಿಕರಿಗೆ ಸಣ್ಣಪುಟ್ಟ ಗಾಯಗಳಾದವು. ಯಾರೂ ಸಾಯಲಿಲ್ಲ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2016ರಲ್ಲಿ ಕೊಟ್ಟ ವರದಿಯು ಕಾರಣವನ್ನು ಮರೆಮಾಚದೆ ಹೇಳಿತು: ಅತಿಯಾದ ಹಿಮ್ಮುಖ ಬಲದಿಂದ ಚುಕ್ಕಾಣಿ ದುರ್ಬಲವಾಯಿತು, ಅದರಿಂದ ದಿಕ್ಕಿನ ಹತೋಟಿ ತಪ್ಪಿತು, ವಿಮಾನ ನಿಲ್ಲುವುದೋ ಇಲ್ಲವೋ ಎಂಬ ಆತಂಕ ಮತ್ತು ಆ ಕ್ಷಣಗಳ ಕೆಲಸದ ಒತ್ತಡದಲ್ಲಿ ತಾವು ಮಿತಿ ಮೀರುತ್ತಿರುವುದು ಕ್ಯಾಪ್ಟನ್ನರಿಗೆ ತಕ್ಷಣ ತಿಳಿಯಲಿಲ್ಲ. ಈ ವಿವರವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನನ್ನ ಗಮನವನ್ನು ಕದ್ದದ್ದು ಹೆಮ್ಮೆ, ಅವರ ಗಮನವನ್ನು ಕದ್ದದ್ದು ಕಾಳಜಿ. ಕಳ್ಳರು ಬೇರೆಯಾದರೂ ಮನೆ ಒಂದೇ. ನಿಲ್ಲಬೇಕೆಂಬ ಆತುರವೇ ದಿಕ್ಕನ್ನು ಕಸಿದುಕೊಂಡಿತು.

ಈ ಪಾಠ ಹೊಸದೂ ಆಗಿರಲಿಲ್ಲ. ಹದಿನಾರು ವರ್ಷ ಮೊದಲು, 1999ರ ಜೂನ್ 1ರ ನಡುರಾತ್ರಿಯ ಸುಮಾರಿಗೆ, ಅರ್ಕನ್ಸಾಸಿನ ಲಿಟ್ಲ್ ರಾಕ್‌ನಲ್ಲಿ ಇದೇ ಕುಟುಂಬದ ಎಂ.ಡಿ.-82 ವಿಮಾನವೊಂದು ಗುಡುಗುಮಳೆಯ ನಡುವೆ ಇಳಿಯಿತು. ರೆಕ್ಕೆಯ ಮೇಲಿನ ಹಲಗೆಗಳು ಏಳಲಿಲ್ಲ. ಅವನ್ನು ಸಿದ್ಧಪಡಿಸುವುದು ಆ ಅವಸರದಲ್ಲಿ ತಪ್ಪಿಹೋಗಿತ್ತು. ಭಾರ ಚಕ್ರಗಳ ಮೇಲೆ ಬೀಳಲಿಲ್ಲ, ಬ್ರೇಕ್ ಹಿಡಿಯಲಿಲ್ಲ. ಹಿಮ್ಮುಖ ಬಲ ಮಿತಿ ಮೀರಿತು, ಚುಕ್ಕಾಣಿ ಸೋತಿತು. ವಿಮಾನ ಅತ್ತಿತ್ತ ಜಾರುತ್ತ ರನ್‌ವೇಯ ಕೊನೆಯನ್ನು ದಾಟಿ ದೀಪಗಳ ಕಬ್ಬಿಣದ ಕಟ್ಟಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 145 ಮಂದಿಯಲ್ಲಿ ಕ್ಯಾಪ್ಟನ್ನರೂ ಸೇರಿ 11 ಮಂದಿ ತೀರಿಕೊಂಡರು. ಬಿರುಗಾಳಿ ನಿಲ್ದಾಣವನ್ನು ಮುತ್ತಿದ ಮೇಲೂ ಇಳಿಯುವ ಪ್ರಯತ್ನವನ್ನು ಬಿಡದಿದ್ದುದೇ ಮೊದಲ ತಪ್ಪೆಂದು ತನಿಖೆಯವರು ಹೇಳಿದರು. ದಣಿವನ್ನೂ ಮನಸ್ಸಿನ ಒತ್ತಡವನ್ನೂ ಅವರು ಕಾರಣಗಳ ಪಟ್ಟಿಯಲ್ಲಿ ಸೇರಿಸಿದರು.

ಕೇಳುಗರೆ, ಈ ಎರಡು ಘಟನೆಗಳನ್ನು ನಿಮ್ಮನ್ನು ಹೆದರಿಸಲು ಹೇಳಲಿಲ್ಲ. ಪ್ರತಿದಿನವೂ ಅಸಂಖ್ಯ ವಿಮಾನಗಳು ಇಳಿದು, ನೇರವಾಗಿ ಓಡಿ, ಸುಮ್ಮನೆ ನಿಲ್ಲುತ್ತವೆ. ಅದು ತಾನಾಗಿ ಆಗುವುದಿಲ್ಲ. ಯಾರದೋ ಎರಡು ಪಾದಗಳು ಅಲ್ಲಿ ಎಚ್ಚರವಾಗಿರುತ್ತವೆ ಎಂಬುದನ್ನು ತಿಳಿಸಲು ಹೇಳಿದೆ. ಇಳಿತ ಸರಿಹೋಗಲಿಲ್ಲವೆನಿಸಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವ ಚಾಲಕನನ್ನು ನಾವು ಅಂಜುಬುರುಕನೆಂದು ಎಣಿಸಬಾರದು. ಗಡಿಯಾರ ನೋಡಿಕೊಂಡು ಗೊಣಗುವ ಬದಲು, ಮುಂದೆ ಕುಳಿತವನ ಮನಸ್ಸು ನೆಟ್ಟಗಿದೆಯೆಂದು ಸಮಾಧಾನಪಡಬೇಕು.

ಇನ್ನೊಂದು ಮಾತು ಉಳಿದಿದೆ. ಇಂಥ ವರದಿಗಳಲ್ಲಿ ದಣಿವು, ಆತಂಕ, ಮರೆವು ಎಂಬ ಮಾತುಗಳನ್ನು ಬರೆಯಲು ಧೈರ್ಯ ಬೇಕು. ಗಾಳಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಗಾಳಿಯ ಮೇಲೆ ಹಾಕಿದ ತಪ್ಪಿನಿಂದ ಮುಂದಿನವನು ಏನನ್ನೂ ಕಲಿಯಲಾರ. ಗಾಳಿ ನಾಳೆಯೂ ಬೀಸುತ್ತದೆ. ತಪ್ಪು ನಡೆದ ಜಾಗವನ್ನು ಬೆರಳಿಟ್ಟು ತೋರಿಸಿದಾಗಲೇ ಅಲ್ಲಿ ಎಚ್ಚರಿಕೆಯ ಕಲ್ಲು ನೆಡಲು ಸಾಧ್ಯ. ವಿಮಾನಯಾನ ಇಂದು ಇಷ್ಟು ಸುರಕ್ಷಿತವಾಗಿದ್ದರೆ ಅಂಥ ಕಲ್ಲುಗಳು ದಾರಿಯುದ್ದಕ್ಕೂ ನೆಡಲ್ಪಟ್ಟಿರುವುದೂ ಒಂದು ಕಾರಣ. ನಾನು ಬಟ್ಟೆ ಹೊದಿಸಿದ ಆ ರೆಕ್ಕೆ ಶಿಕ್ಷೆಯಾಗಿರಲಿಲ್ಲವೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ನಾನೇ ಒಬ್ಬ ಹುಡುಗನ ಮುಂದೆ ಕಾಗದವನ್ನು ಹಿಂದಕ್ಕೆ ಸರಿಸಬೇಕಾಗಿ ಬಂದಾಗ.

ನಮ್ಮ ಬೋಧಕರು ಈಗಿಲ್ಲ. ಆದರೆ ಯಾವ ಕೆಲಸ ಚೆನ್ನಾಗಿ ಮುಗಿಯಿತೆಂದು ಮನಸ್ಸು ಹಿಗ್ಗಿದರೂ ಅವರ ಪ್ರಶ್ನೆ ಕಿವಿಯಲ್ಲಿ ಕೇಳಿಸುತ್ತದೆ: ಇಳಿದಿದ್ದು ಚೆನ್ನಾಗಿತ್ತಲ್ಲಯ್ಯ, ಆಮೇಲೆ ನೀನು ಎಲ್ಲಿದ್ದೆ? ಮುಂದಿನ ಸಲ ವಿಮಾನದಲ್ಲಿ ಪ್ರಯಾಣ ಮಾಡುವಾಗ, ಅದು ಪೂರ್ತಿ ನಿಲ್ಲುವವರೆಗೆ ನಿಮ್ಮ ಸೊಂಟದ ಪಟ್ಟಿ ಹಾಗೆಯೇ ಇರಲಿ. ಅಂಬಿಗ ಇನ್ನೂ ಹುಟ್ಟು ಹಾಕುತ್ತಿದ್ದಾನೆ.